ಗಾಜಿನ ಅಂಚಿಗೆ ಬಂದ ಪಾವಣ್ಯಾ

ದೆವ್ವ, ಶಕುನ, ಅಂಜನ, ಕಣಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಅಡಿಗೆಮನೆಗೆ ಹೋಗಿ ಚಹಾಕ್ಕೆ ನೀರಿಡುತ್ತಿದ್ದೆ. ಕೂತಿದ್ದರೆ ನಗು ಬಂದು ಹೇಳುವವರ ಮನಸ್ಸು ನೋಯುತ್ತಿತ್ತು, ಅದಕ್ಕೆ. ಹಾಗೆ ಎದ್ದು ಹೋಗುತ್ತಿದ್ದವಳೇ ಈಗ ಇಂಥದೊಂದನ್ನು ಬರೆಯಲು ಕೂತಿದ್ದೇನೆ. ಓದುತ್ತ ಓದುತ್ತ ನಿಮಗೂ ಚಹಾ ನೆನಪಾದರೆ ನನಗೇನೂ ಸಿಟ್ಟಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಅಮಾವಾಸ್ಯೆಯ ರಾತ್ರಿ ಇಲ್ಲ, ಹುಣಸೆಮರ ಇಲ್ಲ, ಬಿಳಿ ಸೀರೆ ಉಟ್ಟವರು ಯಾರೂ ಇಲ್ಲ. ಆದದ್ದೆಲ್ಲ ಹಾಡುಹಗಲೇ ಆದದ್ದು, ಕಿಟಕಿಯ ಪಕ್ಕದ ಮೇಜಿನ ಮೇಲೆ, ನನ್ನ ಎರಡೂ ಕಣ್ಣಿನಿಂದ ನೋಡಿದ್ದು. ನನ್ನ ಅಕ್ಕ ಬದುಕುವುದೋ ಸಾಯುವುದೋ ಎಂಬುದು ಒಂದು ಗಾಜಿನ ಪಟ್ಟಿಯ ಮೇಲೆ ನಿಂತಿತ್ತು ಎಂದರೆ ಯಾರೂ ನಂಬುವುದಿಲ್ಲ. ನಾನೂ ಪೂರ್ತಿ ನಂಬಿಲ್ಲ. ಆದರೆ ಹೆದರಿಕೆ ಮಾತ್ರ ಹೋಗಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಒಂದು ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಡಾಕ್ಟರಾಗಿದ್ದೆ. ನಾವು ರೋಗಿಯ ಮುಖ ನೋಡುವವರಲ್ಲ, ರೋಗಿಯ ಮೈಯಿಂದ ತೆಗೆದ ತುಂಡು ನೋಡುವವರು. ಆಪರೇಶನ್ ಆದ ಮೇಲೆ ಅಪೆಂಡಿಕ್ಸು, ಗಡ್ಡೆ, ಕರುಳಿನ ಚೂರು ಎಲ್ಲ ಫಾರ್ಮಲಿನ್ ಬಾಟಲಿಯಲ್ಲಿ ಮುಳುಗಿಕೊಂಡು ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ಮೇಣದ ಬಿಲ್ಲೆಯಲ್ಲಿ ಕೂಡಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಹತ್ತಿಸಿ, ಬಣ್ಣ ಹಾಕಿದ ಮೇಲೆ ನನ್ನ ಸೂಕ್ಷ್ಮದರ್ಶಕದ ಕೆಲಸ ಶುರು.

ಇದರಲ್ಲಿ ನನಗೆ ಹುಚ್ಚು ಹಿಡಿದದ್ದು ಹುಳಗಳದ್ದು. ಇಡೀ ಹುಳ ಕಣ್ಣೆದುರು ಬಿದ್ದರೆ ಯಾರು ಬೇಕಾದರೂ ಹೆಸರು ಹೇಳುತ್ತಾರೆ. ಕರುಳಿನ ಗೋಡೆಯೊಳಗೆ ಅಡ್ಡಕೊಯ್ದು ಬಿದ್ದಿರುವ ಹುಳವನ್ನು ಗುರುತಿಸುವುದು ಬೇರೆಯದೇ ವಿದ್ಯೆ. ಮಕ್ಕಳ ಹೊಟ್ಟೆಯ ಸಣ್ಣ ಬಿಳಿ ಹುಳವನ್ನು ಅಡ್ಡ ಕೊಯ್ದರೆ ಎರಡೂ ಪಕ್ಕದಲ್ಲಿ ಎರಡು ಚೂಪು ಕಾಣುತ್ತವೆ, ಕಡಾಯಿಗೆ ಕಿವಿ ಇದ್ದ ಹಾಗೆ. ರಕ್ತಭೇದಿಯ ಅಮೀಬಾ ಆದರೆ ತನ್ನ ಹೊಟ್ಟೆಯಲ್ಲಿ ನಮ್ಮ ರಕ್ತಕಣಗಳನ್ನು ನುಂಗಿ ಇಟ್ಟುಕೊಂಡಿರುತ್ತದೆ, ಕದ್ದ ಮಾಲು ಕಿಸೆಯಲ್ಲೇ ಸಿಕ್ಕ ಹಾಗೆ. ಇವೆಲ್ಲಕ್ಕಿಂತ ಕಷ್ಟದ್ದು ನೂಲಿನಂಥ ಒಂದು ಹುಳ. ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದವರ ಚರ್ಮದೊಳಗೆ ನುಸುಳಿ, ಪುಪ್ಪುಸ ಹೊಕ್ಕು, ಕೊನೆಗೆ ಸಣ್ಣ ಕರುಳಿನ ಗ್ರಂಥಿಗಳಲ್ಲಿ ಸುರುಳಿ ಸುತ್ತಿ ಕೂತುಬಿಡುತ್ತದೆ. ಒಂದು ಸಲ ಕೂತರೆ ವರ್ಷಾನುಗಟ್ಟಲೆ ಸುದ್ದಿಯೇ ಇಲ್ಲದೆ ಇರಬಲ್ಲದು. ವಿದ್ಯಾರ್ಥಿಗಳು ನನ್ನ ಬೆನ್ನ ಹಿಂದೆ ನನಗೆ "ಹುಳದ ಬಾಯಾರು", ಅಂದರೆ ಹುಳದ ಮೇಡಂ, ಎನ್ನುತ್ತಿದ್ದರು. ಎದುರಿಗೆ ಅಂದಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ತುಂಡು ಕೊಯ್ಯುವ ಕೆಲಸ ಕಲ್ಲಪ್ಪನದು. ಖಾಸಬಾಗದವನು, ನನಗಿಂತ ಮೊದಲಿನಿಂದ ಅಲ್ಲಿದ್ದ ಟೆಕ್ನಿಶಿಯನ್. ಕೊಯ್ದ ಪದರಗಳನ್ನು ಅವನು ಬೆಚ್ಚಗಿನ ನೀರಿನ ತಟ್ಟೆಯಲ್ಲಿ ತೇಲಿಬಿಡುತ್ತಿದ್ದ. ಹಾಲಿನ ಕೆನೆಯ ಹಾಗೆ ಅವು ನೀರಿನ ಮೇಲೆ ಹರಡಿಕೊಂಡಾಗ ಕೆಳಗಿನಿಂದ ಗಾಜು ತೂರಿಸಿ ಎತ್ತಿಕೊಳ್ಳಬೇಕು. ಆ ನೀರನ್ನು ಆಗಾಗ ಬದಲಿಸದಿದ್ದರೆ ಹಿಂದಿನ ರೋಗಿಯ ಒಂದು ಚೂರು ಅಲ್ಲೇ ತೇಲುತ್ತ ಉಳಿದು, ಮುಂದಿನವರ ಗಾಜಿಗೆ ಹತ್ತಿಕೊಂಡು ಬರುತ್ತದೆ. ಒಬ್ಬರ ಗಾಜಿನ ಮೇಲೆ ಇನ್ನೊಬ್ಬರ ಮೈ. ಎಲ್ಲ ಲ್ಯಾಬುಗಳಲ್ಲೂ ಆಗುವ ತಪ್ಪು ಇದು. ಹಾಗೆ ಬಂದ ಚೂರಿಗೆ ಕಲ್ಲಪ್ಪ "ಪಾವಣ್ಯಾ" ಎನ್ನುತ್ತಿದ್ದ. ಪಾವಣ್ಯಾ ಅಂದರೆ ನಮ್ಮ ಕಡೆ ನೆಂಟ, ಅತಿಥಿ. ಕರೆಯದೆ ಬಂದ ಪಾವಣ್ಯಾ ಯಾರ ಮನೆಯವನು ಎಂದು ಪತ್ತೆ ಮಾಡಿ ಬದಿಗೆ ಸರಿಸದಿದ್ದರೆ ಅವನ ರೋಗ ಇವನ ತಲೆಗೆ ಬರುತ್ತದೆ.

ಆ ಮಳೆಗಾಲದ ಒಂದು ಮಧ್ಯಾಹ್ನ ನಾನು ಒಬ್ಬ ನೇಕಾರನ ಅಪೆಂಡಿಕ್ಸ್ ನೋಡುತ್ತಿದ್ದೆ. ಕಿವಿಯುಳ್ಳ ಬಿಳಿ ಹುಳ ಸಿಕ್ಕಿತು. ರಿಪೋರ್ಟ್ ಬರೆಯಬಹುದಿತ್ತು. ಆದರೆ ಗಾಜನ್ನು ಈ ಅಂಚಿನಿಂದ ಆ ಅಂಚಿನತನಕ ನೋಡದೆ ಕೆಳಗಿಳಿಸುವ ರೂಢಿ ನನಗಿಲ್ಲ. ಬಲಗಡೆಯ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಚೂರು ಕೂತಿತ್ತು. ಪಾವಣ್ಯಾ.

ಅದು ಸಣ್ಣ ಕರುಳಿನ ಚೂರು. ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಹಾಗಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆರಳು ಬೆರಳಾಗಿ ಎದ್ದು ನಿಂತಿರುತ್ತದೆ. ಈ ಚೂರಿನಲ್ಲಿ ಅಂಥ ಕೆಲವು ಬೆರಳುಗಳಿದ್ದವು, ನಡುವಿನದು ಮಾತ್ರ ಬುಡದಲ್ಲೇ ಕವಲೊಡೆದಿತ್ತು. ಕೆಲವರ ಹೆಬ್ಬೆರಳಿನ ಪಕ್ಕಕ್ಕೆ ಆರನೆಯ ಬೆರಳು ಬಂದಿರುತ್ತದಲ್ಲ, ಹಾಗೆ. ಬೆರಳುಗಳ ಬುಡದ ಗ್ರಂಥಿಗಳಲ್ಲಿ ಆ ನೂಲಿನ ಹುಳ ಇತ್ತು. ಒಂದೆರಡಲ್ಲ. ಗ್ರಂಥಿ ಗ್ರಂಥಿಯಲ್ಲೂ ಸುರುಳಿ, ಗೋಡೆಯಲ್ಲೂ ಮರಿ, ರಕ್ತನಾಳದ ಪಕ್ಕದಲ್ಲೂ ಮರಿ. ಅಷ್ಟು ಹುಳವನ್ನು ನಾನು ಅಲ್ಲಿಯವರೆಗೆ ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ. ಬೆರಳುಗಳ ನಡುವೆ ಬಣ್ಣ ಹತ್ತದ ಸಣ್ಣ ಸಣ್ಣ ಹರಳುಗಳು, ಒಡೆದ ಗಾಜಿನ ಪುಡಿಯ ಹಾಗೆ, ಬೆಳಕು ಬಿದ್ದಲ್ಲಿ ಮಿಂಚುತ್ತಿದ್ದವು. ಅವು ಏನೆಂದು ನನಗೆ ತಿಳಿಯಲಿಲ್ಲ.

ನನ್ನನ್ನು ಹೆದರಿಸಿದ್ದು ಹುಳವೂ ಅಲ್ಲ, ಹರಳೂ ಅಲ್ಲ. ಆ ಬೆರಳುಗಳ ತುದಿಗಳು ಕರಗಿ ಹೋಗಿದ್ದವು. ಬದುಕಿರುವ ಮನುಷ್ಯನಿಂದ ತೆಗೆದು ತಕ್ಷಣ ಫಾರ್ಮಲಿನ್ನಿಗೆ ಹಾಕಿದ ಕರುಳು ಹಾಗೆ ಕರಗುವುದಿಲ್ಲ. ಜೀವ ಹೋದ ಮೇಲೆ ತಾಸುಗಟ್ಟಲೆ ಮೈಯೊಳಗೇ ಉಳಿದ ಕರುಳು ಹಾಗಾಗುತ್ತದೆ. ಅದು ಸತ್ತವರ ಕರುಳು.

ಕಲ್ಲಪ್ಪನನ್ನು ಕರೆದು ತೋರಿಸಿದೆ. "ಕಲ್ಲಪ್ಪಾ, ಈ ಪಾವಣ್ಯಾ ಯಾವ ಊರಾಂವ?"

ಅವನು ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ. "ಇಂವ ನಮ್ಮಾಂವ ಅಲ್ರಿ ಬಾಯಾರ. ಇವತ್ತ ಬರೇ ಅಪೆಂಡಿಕ್ಸು, ಮತ್ತೊಂದ ಕುತಗಿ ಗಡ್ಡಿ ಕೊಯ್ದೇನಿ. ನೀರ ನಾನ ಬದಲ ಮಾಡೇನ್ರಿ. ಬೇಕಾದ್ರ ಆಣಿ ಮಾಡತೇನಿ."

ಆಣೆ ಬೇಡ, ಬಿಲ್ಲೆ ತೆಗೆ ಎಂದೆ. ಆ ವಾರದ ಮೇಣದ ಬಿಲ್ಲೆಗಳನ್ನೆಲ್ಲ ಇಬ್ಬರೂ ಕೂತು ತಿರುವಿದೆವು. ಸಣ್ಣ ಕರುಳು ಒಂದೂ ಇರಲಿಲ್ಲ. ಶವಪರೀಕ್ಷೆಯ ತುಂಡು ನಮ್ಮಲ್ಲಿಗೆ ಬಂದೇ ತಿಂಗಳುಗಳಾಗಿದ್ದವು. ನೇಕಾರನ ಬಿಲ್ಲೆಯನ್ನು ಮತ್ತೆ ಕೊಯ್ಯಿಸಿದೆ, ಅದರಲ್ಲಿ ಅಪೆಂಡಿಕ್ಸ್ ಒಂದೇ ಬಂತು. ಆ ಹೊಸ ಗಾಜಿನ ಮೇಲೆ ಅವನ ರಿಪೋರ್ಟ್ ಕೊಟ್ಟು, ಹಳೆಯದನ್ನು ನನ್ನ ಪೌಡರಿನ ಖಾಲಿ ಡಬ್ಬಿಯಲ್ಲಿ ಇಟ್ಟುಕೊಂಡೆ. ವಿದ್ಯಾರ್ಥಿಗಳಿಗೆ ತೋರಿಸಲು ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತೋರಿಸಲಿಲ್ಲ. ಸಂಜೆ ಟಿಳಕವಾಡಿಗೆ ಮನೆಗೆ ನಡೆದು ಹೋಗುವಾಗ, ರೊಟ್ಟಿ ಬಡಿಯುವಾಗ, ಆ ಕರಗಿದ ತುದಿಗಳೇ ಕಣ್ಣ ಮುಂದೆ. ಯಾರೋ ಒಬ್ಬರು ಈ ಹುಳದಿಂದ ಸತ್ತಿದ್ದಾರೆ, ಯಾರೆಂದು ಯಾರಿಗೂ ಗೊತ್ತಿಲ್ಲ ಎಂಬ ವಿಚಾರ ನನ್ನನ್ನು ಬಿಡುತ್ತಲೇ ಇರಲಿಲ್ಲ.

ಅಷ್ಟರಲ್ಲಿ ನಾಗರಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ನನಗೆ ತವರು ಎಂದರೆ ಖಾನಾಪುರದ ನನ್ನ ಅಕ್ಕನ ಮನೆ. ನಮ್ಮವ್ವ ತೀರಿದಾಗ ನಾನು ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಅಕ್ಕ ಮದುವೆಯಾಗಿ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು, ಓದಿಸಿದಳು, ನನ್ನ ಕೈಗೆ ಸ್ಟೆಥಾಸ್ಕೋಪ್ ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚಿದಳು. ಅವಳ ಗಂಡ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಅಕ್ಕನ ಗಂಡನಿಗೆ ನಾವು ಮಾಮಾ ಅನ್ನುತ್ತೇವೆ. ಮನೆ ಹಿಂದೆ ಅವರದೊಂದು ಭತ್ತದ ಗದ್ದೆ, ಅದರ ಕೆಸರಿನಲ್ಲಿ ಇಡೀ ಮಳೆಗಾಲ ಅಕ್ಕ ಬರಿಗಾಲಲ್ಲಿ.

ರೈಲಿಳಿದು ಮನೆಗೆ ಹೋದರೆ ಬಾಗಿಲಲ್ಲಿ ನಿಂತ ಅಕ್ಕನ ಗುರುತೇ ಸಿಗಲಿಲ್ಲ. ಮುಖ ದುಂಡಗಾಗಿ, ಕೆನ್ನೆ ಕೆಂಪೇರಿ, ತುಂಬಿಕೊಂಡಿದ್ದಳು. ಪಕ್ಕದ ಮನೆಯ ಮರಾಠಿ ಕಾಕು ಕೂಡ ಅವಳಿಗೆ ದೃಷ್ಟಿ ತೆಗೆಯಬೇಕು ಅಂದಳಂತೆ. ಅಕ್ಕನಿಗೆ ಬಹಳ ವರ್ಷದಿಂದ ದಮ್ಮು, ಮಳೆಗಾಲದಲ್ಲಿ ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದಳು.

"ಹೊಸಾ ಡಾಕ್ಟರ ಸಣ್ಣ ಗುಳಿಗಿ ಕೊಟ್ಟಾರ," ಎಂದಳು. "ದೇವರಂಥಾ ಗುಳಿಗಿ ನೋಡ. ಈ ವರ್ಷ ಚಾಪಿ ಮ್ಯಾಲೆ ಉದ್ದಕ ಮಲಗೇನಿ ನಾ."

ಗುಳಿಗೆಯ ಶೀಶೆ ತೆಗೆದು ನೋಡಿದೆ. ಸ್ಟೀರಾಯ್ಡ್. ಮುಖ ದುಂಡಗಾದದ್ದು ಅದರಿಂದಲೇ. ದಮ್ಮಿಗೆ ಕೊಡುವ ಔಷಧವೇ, ತಪ್ಪೇನಲ್ಲ. ಆದರೆ ಆ ನೂಲಿನ ಹುಳ ಹೊಟ್ಟೆಯಲ್ಲಿದ್ದವರು ಈ ಗುಳಿಗೆ ತಿಂದರೆ ಮೈಯ ಕಾವಲು ಸಡಿಲಾಗಿ, ಮೂಲೆಯಲ್ಲಿ ಸುಮ್ಮನೆ ಕೂತ ಹುಳ ಲಕ್ಷಗಟ್ಟಲೆ ಆಗಿ ಮೈಯೆಲ್ಲ ಹರಿದಾಡುತ್ತದೆ. ಜೀವ ಉಳಿಯುವುದು ಅಪರೂಪ. ಸುಮ್ಮನಿರು, ಖಾನಾಪುರದಲ್ಲಿ ಈ ಗುಳಿಗೆ ತಿನ್ನುವವಳು ನಿನ್ನ ಅಕ್ಕ ಒಬ್ಬಳೇನಾ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ ಲಿಂಗಪೂಜೆಗೆ ಕೂತಳು. ನಾನು ಪಕ್ಕದಲ್ಲಿ ಉಂಡೆ ಕಟ್ಟುತ್ತಿದ್ದೆ. ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು, ಆ ಬಿಳಿ ಗಟ್ಟಿಯ ಒಂದು ಮೂಲೆ ಮುರಿದು, ಮಾಮಾ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಟಕ್ಕನೆ ಬಾಯಿಗೆ ಹಾಕಿಕೊಂಡಳು. ಅದು ಅವಳ ಹಳೆಯ ಚಾಳಿ. ಶಾಲೆಯಲ್ಲಿದ್ದಾಗ ಬಳಪ ತಿನ್ನುತ್ತಿದ್ದಳು, ಮದುವೆಯಾದ ಮೇಲೆ ವಿಭೂತಿ.

"ಇನ್ನೂ ಬಿಟ್ಟಿಲ್ಲೇನ ಅಕ್ಕಾ?"

"ಈ ಜೀವ ಇರೂತನಕ ಬಿಡೂದಿಲ್ಲ ತಗಿ," ಎಂದು ನಕ್ಕಳು. "ಹಾಲು ತುಪ್ಪ ಬೇಡೇನೇನ ನಾ? ಬೂದಿ ಬೇಡೇನಿ. ಅದಕ್ಕೂ ನಿನ್ನ ಡಾಕ್ಟರಕಿ ಅಡ್ಡ ಬರತೈತೇನ?"

ಅವಳ ಹಲ್ಲಿನ ನಡುವೆ ಅದು ಕರಕರ ಎಂದದ್ದು ನನಗೆ ಕೇಳಿಸಿತು. ಮಿಂಚುವ ಹರಳುಗಳು. ಕೈಯಲ್ಲಿದ್ದ ಉಂಡೆ ಪುಡಿಯಾಗಿ ಪರಾತದ ತಟ್ಟೆಗೆ ಬಿತ್ತು.

ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿಯಿಂದ ಒಂದು ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬೆಳಗಾವಿಗೆ ಬಂದೆ. ಅದನ್ನು ಕೆರೆದು ಒಂದು ಹನಿ ನೀರಿನಲ್ಲಿ ಕಲಸಿ ಗಾಜಿನ ಮೇಲಿಟ್ಟು ನೋಡಿದೆ. ಅವೇ ಹರಳುಗಳು. ದನ ತಿಂದ ಹುಲ್ಲಿನೊಳಗಿನ ಮರಳಿನ ಅಂಶ ಸಗಣಿ ಸುಟ್ಟರೂ ಸುಡದೆ ಬೂದಿಯಲ್ಲಿ ಉಳಿದಿರುತ್ತದೆ, ಅದೇ ಹಾಗೆ ಮಿಂಚುತ್ತದೆ. ಡಬ್ಬಿಯಲ್ಲಿದ್ದ ಗಾಜನ್ನು ಪಕ್ಕಕ್ಕಿಟ್ಟು ನೋಡಿದೆ. ಎರಡೂ ಒಂದೇ.

ವಿಭೂತಿ ತಿನ್ನುವ ಹೆಂಗಸರು ಊರಿಗೆ ನಾಲ್ಕು ಜನ ಸಿಗುತ್ತಾರೆ, ನನಗೆ ಗೊತ್ತು. ಅಕ್ಕನ ಮೈಮೇಲೆ ಅಲ್ಲಿಯವರೆಗೆ ಒಂದು ಚಾಕು ಆಡಿರಲಿಲ್ಲ, ಅದೂ ಗೊತ್ತು. ಅವಳು ಸತ್ತಿರಲಿಲ್ಲ. ನಿನ್ನೆ ಉಂಡೆ ಕಟ್ಟಿ ಡಬ್ಬಿ ತುಂಬಿ ಕಳಿಸಿದ್ದಾಳೆ. ಅವಳ ಸತ್ತ ಕರುಳು ನನ್ನ ಗಾಜಿನ ಮೇಲೆ ಹೇಗೆ ಬಂದೀತು? ನನ್ನ ಬುದ್ಧಿಗೆ ಇದೆಲ್ಲ ತಿಳಿಯುತ್ತಿತ್ತು, ಆದರೂ ಎರಡೂ ಗಾಜನ್ನು ಮತ್ತೆ ಮತ್ತೆ ಬದಲಿಸಿ ನೋಡಿದೆ. ಹುಳ ಅಕ್ಕನ ಹೊಟ್ಟೆಯಲ್ಲಿದ್ದರೆ ಗುಳಿಗೆ ಅವಳನ್ನು ಕೊಲ್ಲುತ್ತದೆ. ಹುಳ ಇಲ್ಲದೆ ನಾನು ಗುಳಿಗೆ ಬಿಡಿಸಿದರೆ ದಮ್ಮು ಕೊಲ್ಲುತ್ತದೆ. ನನಗೆ ಬೇರೆ ಏನೂ ಬೇಡವಾಗಿತ್ತು, ಅಕ್ಕ ಬೇಕಾಗಿತ್ತು.

ಮುಂದಿನ ಭಾನುವಾರ ಮತ್ತೆ ಖಾನಾಪುರಕ್ಕೆ ಹೋಗಿ ಖಾಲಿ ಡಬ್ಬಿ ಮುಂದಿಟ್ಟು, ಪರೀಕ್ಷೆಗೆ ನಿನ್ನ ಮಲ ಬೇಕು ಎಂದೆ. ಅಕ್ಕ ಮೊದಲು ನಾಚಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಹುಚ್ಚಿ! ನಿನ್ನ ಇಷ್ಟು ಓದಿಸಿದ್ದು ಇದನ್ನ ಬೇಡಾಕೇನ? ಸೀರಿ ಕೇಳು, ಕೊಡತೇನಿ." ಕೊನೆಗೆ ಕೊಟ್ಟಳು. ನೋಡಿದೆ, ಹುಳ ಇಲ್ಲ. ಇನ್ನೊಮ್ಮೆ ತರಿಸಿದೆ, ಇಲ್ಲ. ಆ ಹುಳ ಹಾಗೆಯೇ. ಗೋಡೆಯೊಳಗೆ ಕೂತು ಹೊರಗೆ ತಲೆ ಹಾಕುವುದೇ ಅಪರೂಪ.

ಅಷ್ಟರಲ್ಲಿ ಮಳೆ ಜೋರಾಯಿತು, ಅಕ್ಕನ ದಮ್ಮು ಮರಳಿ ಎದ್ದಿತು. ಖಾನಾಪುರದ ಡಾಕ್ಟರು ಗುಳಿಗೆ ಎರಡರಷ್ಟು ಮಾಡಿದರು. ನಮ್ಮ ಆಸ್ಪತ್ರೆಯ ಹಿರಿಯ ಫಿಜಿಶಿಯನ್ನರ ಹತ್ತಿರ ಓಡಿದೆ. ಒಳ್ಳೆಯವರು, ಪೂರ್ತಿ ಕೇಳಿಕೊಂಡರು. "ಹುಳ ತೋರಸ್ರಿ ಡಾಕ್ಟರ, ನಾಳೆನ ಗುಳಿಗಿ ಇಳಸೂಣು," ಎಂದರು. "ಹುಳ ತೋರಸದ ಗುಳಿಗಿ ಬಿಡಿಸಿ ಆಕಿಗೆ ಉಸಿರು ಕಟ್ಟಿದ್ರ ಹೊಣಿ ಯಾರು? ನಿಮಗ ಯಾಕ ಅಷ್ಟ ಸಂಶೆ, ಅದನ್ನರ ಹೇಳ್ರಿ." ಯಾಕೆಂದು ಹೇಳಲಿ? ಸತ್ತವಳ ಕರುಳು ನೋಡಿದ್ದೇನೆ, ಅವಳು ಇನ್ನೂ ಬದುಕಿದ್ದಾಳೆ ಎಂದರೆ ನನ್ನನ್ನೇ ವಾರ್ಡಿಗೆ ಸೇರಿಸುತ್ತಿದ್ದರು.

ಮಾಮಾ ಎಂದೂ ನನಗೆ ಗಟ್ಟಿ ಮಾತು ಆಡಿದವರಲ್ಲ. ಅವರೂ ಆ ಸಲ ಸಿಟ್ಟಿಗೆದ್ದರು. "ಆ ಗುಳಿಗಿ ಬಂದಮ್ಯಾಲೆ ಆಕಿ ಕಣ್ಣ ತುಂಬ ನಿದ್ದಿ ಮಾಡ್ಯಾಳ ತಂಗಿ. ನಾ ಬಾಜೂಕ ಕುಂತ ನೋಡೇನಿ, ಆಕಿ ಉಸಿರಿಗೆ ಒದ್ದಾಡೂದು. ನಿನ್ನ ದುರ್ಬೀನಿನ್ಯಾಗ ಏನರ ಕಂಡಿದ್ರ ಹೇಳು. ಇಲ್ಲಂದ್ರ ಆಕಿನ್ನ ಅಂಜಸಬ್ಯಾಡ." ಕಂಡಿತ್ತು, ಹೇಳಲು ಬರುತ್ತಿರಲಿಲ್ಲ. ಅಕ್ಕ ಒಳಗಿನಿಂದ ಕೆಮ್ಮುತ್ತ, "ಬಿಡ್ರೀ ಪಾಪ, ಆಕಿಗೆ ನನ್ನ ಬಿಟ್ರ ಯಾರದಾರ," ಎಂದಳು. ಆ ಮಾತಿಗೆ ನನಗೆ ಅಳು ತಡೆಯಲಾಗಲಿಲ್ಲ.

ಹಿಂದೆ ಹೋಗುವ ದಾರಿ ಇರಲಿಲ್ಲ. ಇನ್ನೊಂದು ಡಬ್ಬಿ ಬೇಡಿ ತಂದೆ. ಈ ಸಲ ಬೇರೆ ರೀತಿ ಮಾಡಿದೆ. ಗಾಜಿನ ಆಲಿಕೆಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ತಂದದ್ದನ್ನು ತೆಳುವಾದ ಅರಿವೆಯಲ್ಲಿ ಕಟ್ಟಿ ಅದರಲ್ಲಿ ಇಳಿಬಿಟ್ಟೆ. ಬದುಕಿರುವ ಮರಿಹುಳ ಇದ್ದರೆ ಬೆಚ್ಚಗಿನ ನೀರಿಗೆ ಆಸೆಪಟ್ಟು ಹೊರಬಂದು ತಳಕ್ಕೆ ಇಳಿಯುತ್ತವೆ. ಬೆಳಿಗ್ಗೆ ಕಲ್ಲಪ್ಪ ಬರುವುದಕ್ಕೂ ಮೊದಲೇ ಹೋಗಿ ತಳದ ಹನಿ ತೆಗೆದು ನೋಡಿದೆ. ಇದ್ದವು. ಬಳುಕುತ್ತ, ಒಂದರ ಮೇಲೊಂದು, ಹನಿ ತುಂಬ. ಹುಳ ಕಂಡು ಸಂತೋಷದಿಂದ ಅತ್ತವಳು ನನ್ನನ್ನು ಬಿಟ್ಟರೆ ಯಾರೂ ಇರಲಿಕ್ಕಿಲ್ಲ.

ಆಮೇಲಿನದು ಬೇಗ ಬೇಗ ಆಯಿತು. ಅಕ್ಕನನ್ನು ನಮ್ಮ ಆಸ್ಪತ್ರೆಗೆ ತಂದು, ಆ ಫಿಜಿಶಿಯನ್ನರ ಕಣ್ಣೆದುರಿಗೇ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪುಣೆಯಿಂದ ತರಿಸಿದ ಹುಳದ ಔಷಧ ಕೊಟ್ಟೆವು. ಅಕ್ಕ ವಾಂತಿ ಮಾಡಿಕೊಂಡಳು, ನನ್ನನ್ನು ಬಾಯಿಗೆ ಬಂದ ಹಾಗೆ ಬೈದಳು. ಒಂದೆರಡು ದಿನ ಅವಳ ಉಗುಳಿನಲ್ಲೂ ಹುಳ ಕಂಡಾಗ ಫಿಜಿಶಿಯನ್ನರು ನನ್ನ ಮುಖವನ್ನೇ ನೋಡುತ್ತ ನಿಂತರು, ಇನ್ನು ಸ್ವಲ್ಪ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು. ಅಕ್ಕ ಬದುಕಿದಳು. ಹುಳ ಹೋದ ಮೇಲೆ ಅವಳ ದಮ್ಮೂ ಮುಕ್ಕಾಲು ಪಾಲು ಹೋಯಿತು. ಮಾಮಾ ಒಂದು ದಿನ ಒಂದು ಚೀಲ ಹೊಸ ಅಕ್ಕಿ ತಂದು ನಮ್ಮ ಮನೆಯಲ್ಲಿಟ್ಟು ಹೋದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎಲ್ಲಿಂದಲೋ ಬಂದ ಪಾವಣ್ಯಾ, ಸುಮ್ಮನೆ ಹುಟ್ಟಿದ ಹೆದರಿಕೆ, ಅದೃಷ್ಟಕ್ಕೆ ಸರಿಹೋಯಿತು ಎಂದು ಸಮಾಧಾನ ಮಾಡಿಕೊಂಡಿದ್ದೆ. ಗಾಜಿದ್ದ ಪೌಡರಿನ ಡಬ್ಬಿ ಕಪಾಟಿನ ಹಿಂದೆ ಸೇರಿತು. ವರ್ಷಗಳು ಕಳೆದವು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಬೇಸಿಗೆ ಅಕ್ಕನಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಸಣ್ಣ ಕರುಳು ತಿರುಚಿಕೊಂಡಿತ್ತು. ಬೆಳಗಾವಿಗೆ ತಂದು ಆಪರೇಶನ್ ಮಾಡಿ, ಕಪ್ಪಗಾದ ಒಂದು ಗೇಣು ಕರುಳು ತೆಗೆದರು. ಅದು ರೂಢಿಯಂತೆ ನಮ್ಮ ವಿಭಾಗಕ್ಕೆ ಬಂತು. ಉಳಿದ ಕರುಳು ಚೆನ್ನಾಗಿದೆಯೇ ಎಂದು ತಿಳಿಯಲು ಎರಡೂ ಕಡೆಯ ಅಂಚಿನ ಒಳ್ಳೆಯ ತುಂಡುಗಳನ್ನೂ ನೋಡಬೇಕು. ಕಲ್ಲಪ್ಪ ಕೊಯ್ದು, ಬಣ್ಣ ಹಾಕಿ, ಮಧ್ಯಾಹ್ನದ ಊಟದ ಮೇಲೆ ಗಾಜುಗಳ ಹಲಗೆಯನ್ನು ನನ್ನ ಮೇಜಿಗೆ ತಂದಿಟ್ಟ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಒಂದು ಅಂಚಿನ ತುಂಡು ಚೆನ್ನಾಗಿತ್ತು. ಇನ್ನೊಂದನ್ನು ಇಟ್ಟು ಕಣ್ಣು ಹಚ್ಚಿದೆ. ಸಾಲಾಗಿ ಬೆರಳುಗಳು, ತುದಿ ಸಮೇತ, ತೊಳೆದ ಹಾಗೆ ಸ್ವಚ್ಛ. ಅಲ್ಲಲ್ಲಿ ಮಿಂಚುವ ಹರಳು. ಅಕ್ಕ ಇನ್ನೂ ಬಿಟ್ಟಿಲ್ಲ ಎಂದು ನಗು ಬಂತು. ಗಾಜನ್ನು ಒಂದಿಷ್ಟು ಸರಿಸಿದೆ. ನಡುವಿನ ಬೆರಳು ಬುಡದಲ್ಲೇ ಕವಲೊಡೆದಿತ್ತು.

ಎದ್ದು ಕಪಾಟಿನ ಹಿಂದಿನಿಂದ ಡಬ್ಬಿ ತೆಗೆದು, ಎರಡು ಸೂಕ್ಷ್ಮದರ್ಶಕಗಳನ್ನು ಅಕ್ಕಪಕ್ಕ ಇಟ್ಟು ಎರಡೂ ಗಾಜು ನೋಡಿದೆ. ಅದೇ ಕವಲು. ಅದರ ಎಡಕ್ಕೆ ಅದೇ ಬಾಗಿದ ಬೆರಳು, ಕೆಳಗೆ ಅದೇ ರಕ್ತನಾಳದ ತಿರುವು, ಹರಳುಗಳು ಬಿದ್ದ ಜಾಗ ಕೂಡ ಅದೇ. ಒಂದರಲ್ಲಿ ತುದಿಗಳು ಕರಗಿದ್ದವು, ಇನ್ನೊಂದರಲ್ಲಿ ಇದ್ದವು. ಒಂದರಲ್ಲಿ ಗ್ರಂಥಿ ಗ್ರಂಥಿಯಲ್ಲೂ ಹುಳ, ಇನ್ನೊಂದರಲ್ಲಿ ಅವೇ ಗ್ರಂಥಿಗಳು ಖಾಲಿ.

ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಉಳಿಯಲಿಲ್ಲ. ಕಲ್ಲಪ್ಪನನ್ನು ಕರೆದೆ, ಏನೂ ಹೇಳದೆ ಎರಡನ್ನೂ ನೋಡು ಎಂದೆ. ಅವನು ಇದರಲ್ಲಿ ಒಮ್ಮೆ, ಅದರಲ್ಲಿ ಒಮ್ಮೆ ನೋಡಿ ನಿರುಮ್ಮಳವಾಗಿ ಹೇಳಿದ. "ಒಂದ ಬಿಲ್ಲೇದ ಎರಡ ಸ್ಲೈಡ್ ಅಲ್ಲೇನ್ರಿ ಬಾಯಾರ ಇವು? ಇದ ಚಲೋ ಬಂದೈತಿ. ಅದ್ಯಾಕ ಹಂಗ ಕೆಟ್ಟೈತಿ? ಅದನ್ನ ನಾ ಯಾವಾಗ ಕೊಯ್ದೆ?"

ಹೇಳುತ್ತಲೇ ಹಳೆಯ ಗಾಜನ್ನು ಎತ್ತಿ, ಅದರ ತುದಿಯಲ್ಲಿ ತನ್ನ ಕೈಯಿಂದಲೇ ಗೀಚಿದ್ದ ನಂಬರು ಓದಿದ. ಆ ನೇಕಾರನ ನಂಬರು, ಆ ಹಳೆಯ ವರ್ಷ. ಗಾಜನ್ನು ಮೆಲ್ಲಗೆ ಕೆಳಗಿಟ್ಟು, ನಲ್ಲಿಯ ಹತ್ತಿರ ಹೋಗಿ ಕೈಗೆ ಸಾಬೂನು ಹಚ್ಚಿ ಹಚ್ಚಿ ತೊಳೆದುಕೊಂಡ. "ಬಾಯಾರ, ಇದರ ಮಾತ ನನ್ನ ಮುಂದ ಮತ್ತ ತಗೀಬ್ಯಾಡ್ರಿ," ಎಂದ. ನಾನು ತೆಗೆಯಲಿಲ್ಲ. ನಿವೃತ್ತಿಯಾಗಿ ಹೋಗುವತನಕ ಅವನೂ ತೆಗೆಯಲಿಲ್ಲ.

ಆಗಿನಿಂದ ನಾನು ಹುಡುಕದ ಕಾರಣವಿಲ್ಲ. ಎಲ್ಲರ ಕರುಳಲ್ಲೂ ಅಲ್ಲೊಂದು ಇಲ್ಲೊಂದು ಕವಲು ಇರುತ್ತದೆ ಎಂದುಕೊಂಡು ನೂರಾರು ಗಾಜು ತಿರುವಿ ನೋಡಿದೆ. 'ಸರಿ, ಇರುತ್ತದೆ' ಎಂದು ಮನಸ್ಸು ಒಪ್ಪುವಷ್ಟರಲ್ಲಿ ಆ ಹರಳುಗಳ ಜಾಗ ನೆನಪಾಗುತ್ತದೆ. ಗಾಜುಗಳು ಇನ್ನೂ ನನ್ನ ಹತ್ತಿರ ಇವೆ. ನೋಡುವುದನ್ನು ಬಿಟ್ಟಿದ್ದೇನೆ. ನನ್ನನ್ನು ಕಾಡುವುದು ಆ ಚೂರು ಹೇಗೆ ಬಂತು ಎಂಬ ಪ್ರಶ್ನೆಯೂ ಅಲ್ಲ. ಆ ಗಾಜನ್ನು ಮಾಡಿದವರು ಯಾರೋ ಇರಬೇಕಲ್ಲ? ಅಕ್ಕ ಸತ್ತಿದ್ದರೆ, ಯಾಕೆ ಸತ್ತಳೆಂದು ತಿಳಿಯದೆ ಬಿಡುವವಳಲ್ಲ ನಾನು. ಮಾಮಾನ ಕೈಕಾಲು ಹಿಡಿದಾದರೂ ಕರುಳಿನ ತುಂಡು ತೆಗೆಸಿ, ಕಲ್ಲಪ್ಪನಿಂದ ಕೊಯ್ಯಿಸಿ, ಇದೇ ಮೇಜಿನ ಮೇಲೆ, ಇದೇ ಕಿಟಕಿಯ ಬೆಳಕಿನಲ್ಲಿ ಅದನ್ನು ನೋಡುವವಳು ನಾನೇ. ಆ ನಾನು ಯಾರು, ಎಲ್ಲಿದ್ದಾಳೆ, ಅಕ್ಕನಿಲ್ಲದೆ ಹೇಗಿದ್ದಾಳೆ?

ಆ ದಿನ ಸಂಜೆ ವಾರ್ಡಿಗೆ ಹೋದೆ. ಅಕ್ಕನ ಮೂಗಿಗೆ ನಳಿಗೆ ಹಾಕಿದ್ದರು, ತುಟಿ ಒಣಗಿತ್ತು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು.

"ಏನ ಕಂಡ್ತವಾ, ನಿನ್ನ ದುರ್ಬೀನಿನ್ಯಾಗ?"

"ಏನೂ ಇಲ್ಲಕ್ಕಾ. ಎಲ್ಲಾ ಚಲೋ ಐತಿ."

"ಹಂಗಾರ ಒಂದ ಚೂರ ಈಬತ್ತಿ ಕೊಡು," ಎಂದಳು. "ನಾಲಿಗಿ ಸತ್ತ ಹೋಗೈತಿ."

ತಿನ್ನಲು ಕೊಡುವ ಹಾಗಿರಲಿಲ್ಲ. ಮಾಮಾ ದಿಂಬಿನ ಕೆಳಗೆ ಇಟ್ಟು ಹೋಗಿದ್ದ ವಿಭೂತಿ ಗಟ್ಟಿ ತೆಗೆದು, ಮೂರು ಬೆರಳಿಗೆ ಹಚ್ಚಿಕೊಂಡು ಅವಳ ಹಣೆಗೆ ಎಳೆದೆ. ಇಂಥದೆಲ್ಲ ಮಾಡಿ ನನಗೆ ರೂಢಿಯಿಲ್ಲ, ಗೆರೆ ಸೊಟ್ಟಗಾಯಿತು. ಎಳೆದ ಮೇಲೂ ಬೆರಳು ಎತ್ತಲು ಮನಸ್ಸಾಗಲಿಲ್ಲ. ಅಕ್ಕನ ಹಣೆ ಬೆಚ್ಚಗಿತ್ತು.